ಶನಿಯ ಮೋಡದ ಊರು ಮತ್ತು ನಮ್ಮ ಅಕ್ಕೋರು

ಮಧ್ಯಾಹ್ನದ ಹೊತ್ತಿಗೆ ಅವರ ಪಾದಗಳು ಬಾತು, ಚಪ್ಪಲಿಯ ಪಟ್ಟಿ ಚರ್ಮದೊಳಗೆ ಹೂತುಹೋಗುತ್ತಿತ್ತು. ಇಂಡಿಯಿಂದ ಸಿಂದಗಿಗೆ ದಿನವೂ ಬಸ್ಸಿನಲ್ಲಿ, ಬಹಳ ಸಲ ನಿಂತುಕೊಂಡೇ ಬರುತ್ತಿದ್ದರು ನಮ್ಮ ಹೈಸ್ಕೂಲಿನ ವಿಜ್ಞಾನದ ಅಕ್ಕೋರು. ಕೂತರೆ ಮತ್ತೆ ಏಳಲಾಗುವುದಿಲ್ಲವೆಂದು ಗೋಡೆಗೆ ಒರಗಿಯೇ ಪಾಠ ಮಾಡುವರು. ಯಾರಾದರೂ ಊಹಿಸಿ ಉತ್ತರ ಕೊಟ್ಟರೆ, "ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ರಿ, ಸಾಕು" ಎನ್ನುವರು.

ಒಂಬತ್ತನೆಯ ತರಗತಿಯಲ್ಲಿ ನಾನು ವಿಜ್ಞಾನ ಪ್ರದರ್ಶನಕ್ಕೆಂದು ಥರ್ಮಾಕೋಲಿನ ಒಂದು ಊರು ಮಾಡಿ, ಅದನ್ನು ದೊಡ್ಡ ಬಲೂನಿಗೆ ತೂಗುಹಾಕಿದೆ. ಶನಿಗ್ರಹದ ಮೋಡಗಳಲ್ಲಿ ಮನುಷ್ಯರು ತೇಲುತ್ತ ಬದುಕುವ ಊರು. ಅಲ್ಲಿ ನಿಲ್ಲಲು ನೆಲವಿಲ್ಲ ಎಂದು ಎಲ್ಲೋ ಓದಿದ್ದೆ.

ಅಕ್ಕೋರು ನೋಡಿದರು. "ಬಲೂನದಾಗ ಏನ್ ತುಂಬೀದಿ?"

"ಹೈಡ್ರೋಜನ್ ರೀ. ಎಲ್ಲಾದಕ್ಕಿಂತ ಹಗುರ."

"ಅಲ್ಲಿ ಹೊರಗೂ ಹೆಚ್ಚಿನದು ಅದೇ ಐತೆಲ್ಲ. ಹೆಂಗ ತೇಲತೈತಿ?"

ಉತ್ತರ ಅವರು ಹೇಳಲಿಲ್ಲ. ಮೂರು ದಿನ ಒದ್ದಾಡಿದ ಮೇಲೆ, ಒಳಗಿನದನ್ನು ಕಾಸಿದರೆ ತೇಲೀತು ಎಂದೆ.

"ಕಾಸೂದು ನಿಂತ್ರ?"

ಊರು ಕೆಳಗಿಳಿಯುತ್ತದೆ, ಇಳಿದಷ್ಟೂ ಒತ್ತಡ ಹೆಚ್ಚಿ ನುಚ್ಚುನೂರಾಗುತ್ತದೆ ಎಂದೆ. "ಅದನ್ನೂ ಬರಿ" ಎಂದರು.

ಮುದ್ದೇಬಿಹಾಳದ ಪ್ರದರ್ಶನದಲ್ಲಿ ತೀರ್ಪುಗಾರರು, "ಜನಾ ಅಲ್ಲಿ ಇರಾಕ ಆಗತೈತೇನು?" ಎಂದು ಕೇಳಿದರು.

"ಲೆಕ್ಕದಾಗ ಆಗತೈತ್ರಿ. ಆದ್ರ ನಿಲ್ಲದಂಗ ಕಾಸೂ ಯಂತ್ರ ಇನ್ನೂ ಇಲ್ರಿ. ಈಗ ಆಗೂದಿಲ್ರಿ."

ಬಹುಮಾನ ಬರಲಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ಅತ್ತುಬಿಟ್ಟೆ. ಸಮಾಧಾನ ಮಾಡುವಷ್ಟು ತ್ರಾಣ ಅಕ್ಕೋರಿಗೆ ಇರಲಿಲ್ಲ. "ಖರೇ ಹೇಳಿದ್ದಕ್ಕ ಅಳಬಾರದು, ತಂಗಿ" ಎಂದು ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದರು.

ಈಗ ನಾನು ಬಸವನ ಬಾಗೇವಾಡಿಯಲ್ಲಿ ಅದೇ ವಿಜ್ಞಾನ ಕಲಿಸುತ್ತೇನೆ. ಹೋದ ವರ್ಷ ಅಕ್ಕೋರ ಮೂತ್ರಪಿಂಡಗಳು ಪೂರ್ತಿ ಸೋತಿವೆಯೆಂದು ಕೇಳಿ ಇಂಡಿಗೆ ಹೋದೆ. ವೈದ್ಯರು ಕೈಬಿಟ್ಟಿದ್ದನ್ನು ಅವರ ಮಗಳು ಬಾಗಿಲಲ್ಲೇ ತಿಳಿಸಿ, "ಅವ್ವಗ ಗೊತ್ತಿಲ್ಲ. ಆರಾಮ ಆಗತೈತಿ ಅಂತ ಹೇಳ್ರಿ" ಎಂದು ಬೇಡಿಕೊಂಡಳು.

ನಾನು ಒಳಗೆ ಹೋದಾಗ ಅಕ್ಕೋರು ಎಚ್ಚರವಿದ್ದರು. "ಎಲ್ಲಾರೂ ಆರಾಮ ಆಗ್ತೀರಿ ಅಂತಾರ. ಕೇಳಿ ಕೇಳಿ ದಣದೇನಿ. ನೀ ಹೇಳು, ಆಗ್ತೇನೇನು?"

ನಾನು ಹಾಸಿಗೆಯ ಪಕ್ಕ ಹೋಗಿ ನಿಂತೆ.

"ಇಲ್ರಿ, ಅಕ್ಕೋರ."

ಚಹಾ ಹಿಡಿದು ಬಾಗಿಲಿಗೆ ಬಂದಿದ್ದ ಮಗಳು ಅಲ್ಲೇ ನಿಂತಳು. ಅಕ್ಕೋರು ಹಗುರಾಗಿ ಉಸಿರು ಬಿಟ್ಟು, ಹಾಸಿಗೆಯಲ್ಲಿ ತುಸು ಸರಿದು ನನಗೆ ಜಾಗ ಮಾಡಿದರು. "ಕುಂದ್ರು" ಎಂದರು. ಸಂಜೆಯವರೆಗೂ ಅವರ ಕೈ ಹಿಡಿದು ಕೂತಿದ್ದೆ.

ಆ ವಾರವೇ ಅವರು ಹೋದರು. ಮಗಳು ಇಂದಿಗೂ ನನ್ನೊಡನೆ ಮಾತಾಡುವುದಿಲ್ಲ.