ಹುಲುಗಮ್ಮ ಹಂಚಬಾರದ ಪುಡಿ

ಹಂಚದೆ ತಿಂದರೆ ಹುಲುಗಮ್ಮನಿಗೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಹುಟ್ಟಿದ್ದು ಹಚ್ಚೊಳ್ಳಿಯಲ್ಲಿ, ಅರ್ಧ ಆಯಸ್ಸು ಸವೆಸಿದ್ದು ಬಳ್ಳಾರಿಯ ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ. ಒಂದೇ ಒಂದು ಮಿರ್ಚಿ ಸಿಕ್ಕರೂ ಅಕ್ಕಪಕ್ಕದ ಮಷಿನ್ನಿನವರಿಗೆ ಪಾಲು ಹೋಗಿ, ಅವಳಿಗೆ ತೊಟ್ಟು ಉಳಿಯುತ್ತಿತ್ತು. ಇಂಥವರ ಜೊತೆ ಏಗುವುದು ಕಷ್ಟ, ಬಿಟ್ಟಿರುವುದು ಇನ್ನೂ ಕಷ್ಟ.

ಕಳೆದ ವರ್ಷ ಅವಳ ಬೆನ್ನು ಹಿಡಿದುಕೊಂಡಿತು. ಮುಟ್ಟಿದರೆ ಮೂಳೆಯೇ ನೋಯುತ್ತಿತ್ತು. ಅದೇ ಹೊತ್ತಿಗೆ ಕುರುಗೋಡಿನಿಂದ ತಮ್ಮ ತಿಪ್ಪೇಶನ ಫೋನು ಬಂತು: ಹೆಂಡತಿ ಬಸುರಿ! ಹುಲುಗಮ್ಮ ಹಿಗ್ಗಿದಳು, ಮರುಗಳಿಗೆ ಬೆನ್ನು ಮುಟ್ಟಿ ನೋಡಿಕೊಂಡಳು. ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಹೇಳಿದ ಕೂಡಲೇ ನೆರೆದ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಇದ್ದವನು ಒಬ್ಬನೇ ತಮ್ಮ. ಈ ಬೆನ್ನು ಆ ಗುದ್ದನ್ನು ತಾಳುವುದು ಹೇಗೆ? ಆ ಮಾನ ಬೇರೆಯವರಿಗೆ ಹೋದರೆ ಅವಳು ತಾಳುವುದು ಹೇಗೆ?

ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರ್ ಹೇಮಾ, ಬಿಸಿಲಿನಿಂದ ಮೈಗೆ ಸಿಗುವ ವಿಟಮಿನ್ ಡಿ ತೀರಾ ಕಡಿಮೆಯಾಗಿದೆ ಎಂದರು. ಶೆಡ್ಡಿನಲ್ಲಿ ನಗುವೋ ನಗು.

“ಬಳ್ಳಾರಿಯಾಗ ನಿನಗ ಬಿಸಿಲು ಕಮ್ಮಿ ಬಿತ್ತಾ?” ಎಂದಳು ಪಕ್ಕದ ಮಷಿನ್ನಿನ ಹೊನ್ನೂರಮ್ಮ. ಪಾಪ, ದಿನವಿಡೀ ತಗಡಿನ ಕೆಳಗೆ ಕೂತವರಿಗೆ ಸೆಕೆ ಸಿಗುತ್ತದೆಯೇ ಹೊರತು ಬಿಸಿಲು ಸಿಗುವುದಿಲ್ಲ.

ವಾರಕ್ಕೊಮ್ಮೆ ಹಾಲಿಗೆ ಬೆರೆಸಿ ಕುಡಿಯಲು ಡಾಕ್ಟರು ಪುಡಿಯ ಪೊಟ್ಟಣಗಳನ್ನು ಕೊಟ್ಟರು. ಹುಲುಗಮ್ಮ ಒಂದು ವಾರವೂ ತಪ್ಪಿಸಲಿಲ್ಲ. ಆದರೂ ನೋವು ಕದಲಲಿಲ್ಲ, ಮತ್ತೆ ಮಾಡಿಸಿದ ಪರೀಕ್ಷೆಯೂ ಹಳೇ ಕಥೆಯನ್ನೇ ಹೇಳಿತು.

“ಹೆಂಗ ತಗೊಂತೀರಿ?” ಎಂದು ಡಾಕ್ಟರು ಕೇಳಿದರು.

“ದೊಡ್ಡ ಬೋಗುಣಿ ಹಾಲಿಗೆ ಕಲಸ್ತೀನ್ರಿ. ಶೆಡ್ಡಿನಾಗ ಎಲ್ಲಾರಿಗೂ ಒಂದೊಂದು ಲೋಟ. ಒಬ್ಬಾಕಿನ ಹೆಂಗ ಕುಡೀಲ್ರಿ?”

ಡಾಕ್ಟರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. “ಸಾವಿರಾರು ಮಂದಿಗೆ ಕೊಟ್ಟು ನೋಡ್ಯಾರ, ಹುಲುಗಮ್ಮ. ಕೊರತಿ ಇಲ್ಲದೋರಿಗೆ ಇದನ್ನ ಕೊಟ್ರ ಮೂಳಿ ಮುರಿಯೋದೇನೂ ಕಮ್ಮಿ ಆಗಿಲ್ಲ. ನಿಮಗ ಕೊರತಿ ಐತಿ, ಅದಕ್ಕ ನಿಮಗಿದು ಔಷಧ. ಬ್ಯಾರೇರಿಗೂ ನೋವಿದ್ರ ಕಳಸ್ರಿ, ಪರೀಕ್ಷೆ ಮಾಡಿ ಕೊಡೋಣ.”

ತಾನು ಹಂಚಿದ್ದು ಯಾರಿಗೂ ದಕ್ಕಲಿಲ್ಲವಲ್ಲ ಎಂಬುದೇ ಅವಳಿಗೆ ಬೆನ್ನಿಗಿಂತ ಹೆಚ್ಚು ನೋವು ಕೊಟ್ಟಿತು.

ಅಂದಿನಿಂದ ಹೊನ್ನೂರಮ್ಮನೇ ಕಾವಲು ನಿಂತಳು. ಹುಲುಗಮ್ಮ ಗೋಡೆಗೆ ಮುಖ ಮಾಡಿ, ಕದ್ದು ಕುಡಿಯುವವಳಂತೆ ಲೋಟ ಖಾಲಿ ಮಾಡುತ್ತಿದ್ದಳು. ಕೆಲಸಕ್ಕೆ ಬರುವಾಗ ಒಂದಿಷ್ಟು ಬಿಸಿಲಿಗೂ ನಿಲ್ಲತೊಡಗಿದಳು. ತಿಂಗಳುಗಳು ಕಳೆದಂತೆ ನೋವು ನಿಧಾನವಾಗಿ ಇಳಿಯಿತು.

ಕುರುಗೋಡಿನಲ್ಲಿ, ತೊಟ್ಟಿಲ ಪಕ್ಕ, ಅವಳು ಕೂಸಿನ ಕಿವಿಯಲ್ಲಿ “ಗೌತಮಿ” ಎಂದದ್ದೇ ತಡ, ಬೆನ್ನ ಮೇಲೆ ಗುದ್ದುಗಳು ಬಿದ್ದವು. ಎಲ್ಲಕ್ಕಿಂತ ಗಟ್ಟಿ ಗುದ್ದು ಬಳ್ಳಾರಿಯಿಂದ ಜೊತೆಗೆ ಬಂದಿದ್ದ ಹೊನ್ನೂರಮ್ಮನದು. ಹುಲುಗಮ್ಮನ ಕಣ್ಣು ತುಂಬಿದ್ದು ನೋಡಿ ತಿಪ್ಪೇಶ ಗಾಬರಿಯಾದ.

“ಅಕ್ಕಾ, ನೋವಾತೇನ?”

“ಇಲ್ಲಲೇ,” ಎಂದು ಕೂಸನ್ನು ಎದೆಗೊತ್ತಿಕೊಂಡು ಹುಲುಗಮ್ಮ ನಕ್ಕಳು. “ಬರ್ರಿ, ಇನ್ನೂ ಗುದ್ರಿ. ಇದರಾಗ ಮಾತ್ರ ನಾನು ಯಾರಿಗೂ ಪಾಲು ಕೊಡಂಗಿಲ್ಲ!”