ಎಲ್ಸಾಬಾಯಿಯನ್ನು ಹುಮನಾಬಾದಿಗೆ ಮುಟ್ಟಿಸಿದ್ದು

ಬೆಳಗಿನ ಏಳೂವರೆಗೆ ಕಲ್ಯಾಣದ ಬಸ್ ಸ್ಟ್ಯಾಂಡಿನಲ್ಲಿ ನಾವು ನಾಲ್ವರು ನಿಂತಿದ್ದೆವು. ಇನ್‌ಸ್ಪೆಕ್ಟರ್ ಸಾಹೇಬರು, ಟ್ರಂಕು ಹೊತ್ತ ಒಬ್ಬ ಪೇದೆ, ದೇಶ ಬಿಟ್ಟು ಹೋಗಬೇಕೆಂದು ಸರ್ಕಾರದ ಹುಕುಂ ಆಗಿದ್ದ ಎಲ್ಸಾಬಾಯಿ, ಮತ್ತು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ನಾನು. ತುರ್ತು ಪರಿಸ್ಥಿತಿಯ ಬೇಸಿಗೆ ಅದು. ಅಷ್ಟು ಬೇಗನೇ ಬಿಸಿಲು ಬೆನ್ನು ಸುಡುತ್ತಿತ್ತು. ಪೊಲೀಸ್ ಜೀಪು ಕುಟುಂಬ ಯೋಜನೆಯ ಶಿಬಿರಕ್ಕೆ ಜನರನ್ನು ತುಂಬಿಕೊಂಡು ಬರಲು ಹೋಗಿದ್ದರಿಂದ ನಮಗೆ ಸರ್ಕಾರಿ ಬಸ್ಸೇ ಗತಿಯಾಗಿತ್ತು. ಹುಮನಾಬಾದಿಗೆ ಸುಮಾರು ಇಪ್ಪತ್ತು ಮೈಲಿ, ಟಿಕೆಟಿಗೆ ಒಂದೂಮುಕ್ಕಾಲು ರೂಪಾಯಿ. ಕಾಶಿ, ರಾಮೇಶ್ವರ ನೋಡಿ ಬಂದವರು ಪ್ರವಾಸದ ಕಥೆ ಬರೆಯುತ್ತಾರೆ. ನಾನು ಎಲ್ಲಿಗೂ ಹೋದವನಲ್ಲ. ಬರೆಯುವಂಥ ಪ್ರಯಾಣ ಈ ಇಪ್ಪತ್ತು ಮೈಲಿಯದು ಒಂದೇ, ಅದಕ್ಕೂ ನಾನಾಗಿ ಹೊರಟಿರಲಿಲ್ಲ.

ಎಲ್ಸಾ ಎಂಬ ಈ ಹೆಂಗಸು ಡೆನ್ಮಾರ್ಕಿನವಳು. ಎರಡು ವರ್ಷದ ಹಿಂದೆ ಬಾವಿ ತೋಡಿಸುವ ಒಂದು ತಂಡದ ಜೊತೆ ಬಂದಳು. ತಂಡ ಹೋಯಿತು, ಈಕೆ ಉಳಿದಳು. ಹೆಂಗಸರ ಜೊತೆ ಕೂತು ಕೂತು ನಮ್ಮ ಕನ್ನಡವನ್ನೇ ಕಲಿತಳು, ಅವರು ಆಕೆಯ ಹೆಸರಿಗೆ ಬಾಯಿ ಸೇರಿಸಿದರು. ಶಿಬಿರಗಳು ಶುರುವಾದ ಮೇಲೆ ಅದೇ ಹೆಂಗಸರು ತಮ್ಮ ಗಂಡಂದಿರಿಗೆ ಆದದ್ದನ್ನು ಹೇಳತೊಡಗಿದರು. ಈಕೆ ಎಲ್ಲವನ್ನೂ ಒಂದು ವಹಿಯಲ್ಲಿ ಬರೆದುಕೊಂಡಳು, ಒಂದಿಷ್ಟನ್ನು ತನ್ನ ದೇಶದ ಪತ್ರಿಕೆಗೂ ಕಳಿಸಿದಳು. ಅಚ್ಚಾದದ್ದು ಯಾರ ಕೈಯಿಂದ ಯಾರ ಕೈಗೆ ಹೋಯಿತೋ, ಎರಡು ದಿನ ಆಕೆಯನ್ನು ಮುಸಾಫಿರ್ ಬಂಗಲೆಯಲ್ಲಿ ಕೂಡಿಹಾಕಿ, ಮೂರನೆಯ ದಿನ, ಅಂದರೆ ಅವತ್ತು ನಸುಕಿನಲ್ಲೇ, ಹುಕುಂ ಓದಿ ಹೇಳಿದರು. ಮರುದಿನವೇ ವಿಮಾನ ಹತ್ತಬೇಕು, ಮತ್ತೆ ಈ ನೆಲಕ್ಕೆ ಕಾಲಿಡುವಂತಿಲ್ಲ.

ನನ್ನನ್ನು ಯಾಕೆ ಎಳೆದರೆಂದರೆ, ಇನ್‌ಸ್ಪೆಕ್ಟರರಿಗೆ ಕಣ್ಣು ಬಂದಿದ್ದವು. ಕಪ್ಪು ಕನ್ನಡಕದ ಕೆಳಗಿಂದ ನೀರು ಸುರಿಯುತ್ತಿತ್ತು, ಒಂದು ಸಾಲೂ ಓದಲು ಆಗುತ್ತಿರಲಿಲ್ಲ. ಮೈಸೂರು ಕಡೆಯವರು, ಕೆಟ್ಟ ಮನುಷ್ಯರೇನಲ್ಲ, ಮೇಲಿನವರ ತಂತಿಗೆ ಬೇಸತ್ತಿದ್ದರು. ವಹಿಯನ್ನು ನನ್ನ ಕೈಗಿಟ್ಟು, ಬಸ್ಸಿನಲ್ಲೇ ಓದಿ, ಆಕೆಗೆ ಹೇಳಿಕೆ ಕೊಟ್ಟವರ ಹೆಸರುಗಳನ್ನು ಒಂದು ಹಾಳೆಯಲ್ಲಿ ಪಟ್ಟಿ ಮಾಡಬೇಕು ಎಂದರು. ಹುಮನಾಬಾದಿನಲ್ಲಿ ಮೇಲಿನ ಕಚೇರಿಯ ಅಧಿಕಾರಿಯೊಬ್ಬರು ಕಾದಿರುತ್ತಾರೆ, ಪಟ್ಟಿ ಅವರ ಕೈ ಸೇರಬೇಕು. ಹೆಸರು ಸಿಕ್ಕ ಮೇಲೆ ಆ ಜನರನ್ನು ಏನು ಮಾಡುತ್ತೀರಿ ಎಂದು ನಾನು ಕೇಳಲಿಲ್ಲ. ಆಗ ಒಳಗೆ ಹೋದವರು ಹೊರಗೆ ಬರುವುದು ಯಾವಾಗ ಎಂದು ಯಾರಿಗೂ ಗೊತ್ತಿರುತ್ತಿರಲಿಲ್ಲ.

ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ರೇವಪ್ಪನ ಅವ್ವ ಎಂದಿನಂತೆ ಸೌತೆಕಾಯಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ರೇವಪ್ಪ ನನ್ನ ಎಂಟನೆಯ ಇಯತ್ತೆಯ ಹುಡುಗ. ನನ್ನನ್ನು ಕಂಡು ಆಕೆ ತಲೆಯ ಮೇಲೆ ಸೆರಗು ಎಳೆದುಕೊಂಡು ಎದ್ದು ನಿಂತಳು. ದಿನವೂ ಆಕೆಯ ಹತ್ತಿರವೇ ಸೌತೆಕಾಯಿ ಕೊಳ್ಳುತ್ತಿದ್ದ ಎಲ್ಸಾಬಾಯಿ ಅವತ್ತು ಗುರುತೇ ಇಲ್ಲದವಳಂತೆ ಕೋಟೆಯ ಕಡೆ ಮುಖ ತಿರುಗಿಸಿ ನಿಂತಳು. ಹೋಗುವ ಹೊತ್ತಿಗೆ ಇಷ್ಟು ಬಿಗುಮಾನವೇ ಎಂದು ನನಗೆ ಕಸಿವಿಸಿಯಾಯಿತು.

ಬಸ್ಸು ಎಂಟಕ್ಕೆ ಬಿಟ್ಟಿತು. ಸಸ್ತಾಪುರದ ಹತ್ತಿರ ಸೋಲಾಪುರ–ಹೈದರಾಬಾದ್ ರಸ್ತೆ ಸೇರುವಲ್ಲಿ ಡ್ರೈವರ್ ಚಹಾಕ್ಕೆ ನಿಲ್ಲಿಸಿದ. ಎಲ್ಸಾಬಾಯಿಗೆ ಇಳಿಯಲು ಅಪ್ಪಣೆ ಇರಲಿಲ್ಲ, ಪೇದೆಯೇ ಕಿಟಕಿಯಲ್ಲಿ ಚಹಾದ ಕಪ್-ಬಸಿ ಕೊಟ್ಟ. ಆಕೆ ಬಸಿಗೆ ಸುರುವಿಕೊಂಡು ಊದಿ ಊದಿ ಕುಡಿದಳು. ನಾನು ಹಿಂದಿನ ಸೀಟಿನಲ್ಲಿ ವಹಿ ಬಿಚ್ಚಿದೆ. ಮೊಳಕಾಲಿನ ಮೇಲೊಂದು ಹಾಳೆ, ಜೇಬಿನಲ್ಲಿ ಪೆನ್ನು. ಮಕ್ಕಳ ಉತ್ತರಪತ್ರಿಕೆ ತಿದ್ದಲು ಕೂತಷ್ಟೇ ದಣಿವು ಶುರುವಿಗೇ ಬಂದಿತ್ತು.

ದುಂಡನೆಯ ಇಂಗ್ಲಿಷ್ ಅಕ್ಷರ, ತಪ್ಪಿಲ್ಲದ ಬರವಣಿಗೆ. ಬಸಪ್ಪನ ಅಪ್ಪನನ್ನು ಸಂತೆಯಿಂದಲೇ ಜೀಪಿಗೆ ಹಾಕಿಕೊಂಡು ಹೋದರು. ಮಾಣಿಕಪ್ಪನ ಅಪ್ಪ ರೇಷನ್ ಕಾರ್ಡಿಗೆ ಹೋದವನು ಸಂಜೆ ಹೊಟ್ಟೆ ಹಿಡಿದುಕೊಂಡು ಬಂದ. ಶರಣಮ್ಮನ ಅಪ್ಪನಿಗೆ ವಯಸ್ಸು ಅರವತ್ತು ದಾಟಿದೆ, ಅವನನ್ನೂ ಬಿಡಲಿಲ್ಲ. ಹೀಗೆ ಪುಟದ ಮೇಲೆ ಪುಟ. ಹೇಳಿದವರೆಲ್ಲ ಹೆಂಗಸರು, ಹೇಳಿದ್ದೆಲ್ಲ ಗಂಡನ ಸುದ್ದಿ, ಗಂಡನ ಹೆಸರನ್ನು ಮಾತ್ರ ಒಬ್ಬಳೂ ಬಾಯಿಬಿಟ್ಟು ಹೇಳಿರಲಿಲ್ಲ. ತಮ್ಮನ್ನೂ ಅವರು ಇಂಥವನ ಅವ್ವ, ಇಂಥವಳ ಅವ್ವ ಎಂದೇ ಹೇಳಿಕೊಂಡಿದ್ದರು. ಎಲ್ಸಾಬಾಯಿ ಒತ್ತಾಯ ಮಾಡದೆ ಹಾಗೆಯೇ ಬರೆದುಕೊಂಡಿದ್ದಳು. ಕಲ್ಯಾಣದ ಬಜಾರಿನಲ್ಲಿ ನಿಂತು ಬಸಪ್ಪಾ ಎಂದು ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ. ಇಂಥ ಊರಲ್ಲಿ ಬಸಪ್ಪನ ಅಪ್ಪನನ್ನು ಪೊಲೀಸರು ಎಲ್ಲಿ ಹುಡುಕಬೇಕು? ನನ್ನ ಹಾಳೆ ಖಾಲಿಯೇ ಉಳಿಯಿತು. ನನಗೆ ನಿಜಕ್ಕೂ ಹಾಯೆನಿಸಿತು.

ರಾಜೇಶ್ವರ ಇನ್ನೂ ಒಂದು ಮೈಲಿ ಇರುವಾಗ ಟಯರು ಪಂಕ್ಚರ್ ಆಯಿತು. ಎಲ್ಲರೂ ಇಳಿದು ಹುಣಸೆ ಮರದ ನೆರಳು ಹಿಡಿದೆವು. ಕರಿ ಹೊಲಗಳು ಬಾಯಿಬಿಟ್ಟು ಬಿದ್ದಿದ್ದವು, ಬಿಸಿಗಾಳಿ ಕಣ್ಣಿಗೆ ಧೂಳು ತೂರುತ್ತಿತ್ತು. ಉಳಿದ ಪುಟ ಮುಗಿಸಿಬಿಡೋಣವೆಂದು ನಾನು ಮತ್ತೆ ಓದಲು ಕೂತೆ. ಕೊನೆಯಿಂದ ಮೂರನೆಯ ಪುಟದಲ್ಲಿ ರೇವಪ್ಪನ ಅವ್ವ ಸಿಕ್ಕಳು.

ಆಕೆಯ ಗಂಡ ಅಡತಿ ಅಂಗಡಿಯಲ್ಲಿ ಹಮಾಲ. ಅವನಿಗೆ ಆಗಾಗ ಹೊಟ್ಟೆ ನೋಯುತ್ತಿತ್ತು. ಮಗನ ಶಾಲೆಯ ಮಾಸ್ತರರು ಮನೆಗೆ ಬಂದು, ಚಹಾ ಕುಡಿದು, ಸರ್ಕಾರಿ ದವಾಖಾನೆಯಲ್ಲಿ ಒಳ್ಳೆಯ ಔಷಧ ಕೊಡುತ್ತಾರೆಂದು ತಾವೇ ಕರೆದುಕೊಂಡು ಹೋದರು. ಅಲ್ಲಿ ಮಕ್ಕಳಾಗದಂತೆ ಆಪರೇಷನ್ ಮಾಡಿ ಕಳಿಸಿದರು. ಗಾಯ ಕೀವಾಯಿತು, ಅವನು ಮೂಟೆ ಹೊರದೆ ಎರಡು ತಿಂಗಳಾಯಿತು. ಅವರಿಗೆ ಇರುವುದು ರೇವಪ್ಪ ಒಬ್ಬನೇ ಮಗ. ಇಷ್ಟೇ ಬರೆದಿತ್ತು. ಮಾಸ್ತರನ ಹೆಸರು ಅದರಲ್ಲೂ ಇರಲಿಲ್ಲ.

ಆ ಮಾಸ್ತರ ನಾನೇ. ಆ ವರ್ಷ ನಮಗೂ ಪಾಲು ಹಚ್ಚಿದ್ದರು: ತಲೆಗೆ ಇಬ್ಬರನ್ನು ಶಿಬಿರಕ್ಕೆ ಕರೆತರಬೇಕು, ಇಲ್ಲದಿದ್ದರೆ ದೂರದ ಊರಿಗೆ ವರ್ಗ. ಒಬ್ಬನನ್ನು ಹೇಗೋ ಒಪ್ಪಿಸಿದ್ದೆ. ಇನ್ನೊಬ್ಬ ಸಿಗದೆ ಹೋದಾಗ ಹೊಟ್ಟೆನೋವಿನ ನೆಪ ಹೇಳಿದೆ. ಗಾಯ ಕೀವಾದದ್ದು ನನಗೆ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಗೋಜಿಗೂ ನಾನು ಹೋಗಿರಲಿಲ್ಲ. ಹುಣಸೆ ನೆರಳಲ್ಲಿ ಕೂತು ಆ ಪುಟವನ್ನು ಎರಡು ಸಲ ಓದಿದೆ. ನಾಚಿಕೆಯಿಂದ ಕಿವಿ ಬಿಸಿಯಾದವು. ಸ್ಟ್ಯಾಂಡಿನಲ್ಲಿ ಎಲ್ಸಾಬಾಯಿ ಯಾಕೆ ಮುಖ ತಿರುಗಿಸಿದಳೆಂದು ಆಗ ತಿಳಿಯಿತು. ಪೊಲೀಸರ ಎದುರು ಆಕೆ ಸೌತೆಕಾಯಿ ಮಾರುವವಳ ಗುರುತು ಬಿಟ್ಟುಕೊಡಲಿಲ್ಲ.

ಇನ್‌ಸ್ಪೆಕ್ಟರರು ಒದ್ದೆ ಕರವಸ್ತ್ರ ಕಣ್ಣಿಗೆ ಒತ್ತಿಕೊಳ್ಳುತ್ತ ಹತ್ತಿರ ಬಂದರು. ಒಂದೂ ಹೆಸರಿಲ್ಲವೆಂದು ಹೇಳಿ ಕಾರಣವನ್ನೂ ಹೇಳಿದೆ.

"ಗಂಡನ ಹೆಸರು ಹೇಳಲ್ಲ ಅನ್ನೋದು ನಂಗೂ ಗೊತ್ತು ಮೇಷ್ಟ್ರೇ. ನೀವು ಊರಿನವರು, ಮಕ್ಕಳ ಹೆಸರು ನೋಡಿದ್ರೆ ನಿಮಗೆ ಯಾರ್ಯಾರು ಅಂತ ಗೊತ್ತಾಗಲ್ವಾ?" ಅಂದರು. ನನ್ನ ಹೆಬ್ಬೆರಳು ಇದ್ದ ಪುಟದ ಮೊದಲ ಸಾಲನ್ನೇ ಓದಿಸಿದರು. "ಈ ರೇವಪ್ಪ ಯಾರು?"

"ನಮ್ಮ ಸಾಲ್ಯಾಗ ಏಳು ಮಂದಿ ರೇವಪ್ಪ ಅದಾರ್ರಿ ಸಾಹೇಬ್ರ. ಯಾವನಂತ ಹೇಳ್ಲಿ?"

ಏಳು ಮಂದಿ ಇದ್ದದ್ದು ನಿಜ. ರೇವಪ್ಪನ ಮನೆಯವರನ್ನು ಉಳಿಸಲು ಹಾಗೆಂದೆನೆಂದು ಹೇಳಿಕೊಳ್ಳಲು ನನಗೆ ಇಷ್ಟ. ಆದರೆ ಅವನ ಅವ್ವನನ್ನು ಠಾಣೆಗೆ ಕರೆಸಿದರೆ ಮಾಸ್ತರ ಯಾರೆಂಬ ಪ್ರಶ್ನೆಯೂ ಏಳುತ್ತಿತ್ತು. ಊರಲ್ಲಿ ನನ್ನ ಮಾನ ಹೋಗುತ್ತಿತ್ತು. ಯಾವ ಭಯ ಮೊದಲು ಮಾತಾಡಿತೋ ಇವತ್ತಿಗೂ ನನಗೆ ಗೊತ್ತಿಲ್ಲ. ಒಂದು ಹೆಸರಾದರೂ ಕೊಡದಿದ್ದರೆ ನಿಮ್ಮ ಹೆಸರೇ ಮೇಲಿನವರಿಗೆ ಹೋಗುತ್ತದೆ ಮೇಷ್ಟ್ರೇ ಎಂದು ಸಾಹೇಬರು ಬೇಸರದಿಂದಲೇ ಅಂದರು. ಎಲ್ಸಾಬಾಯಿ ಎರಡು ಮಾರು ದೂರದಲ್ಲಿ ಟ್ರಂಕಿನ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

ಹುಮನಾಬಾದ್ ಮುಟ್ಟಿದಾಗ ಹನ್ನೊಂದೂವರೆ. ಸ್ಟ್ಯಾಂಡಿನ ಎದುರಿನ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಊಟಕ್ಕೆ ಎರಡು ರೂಪಾಯಿ. ಎಲ್ಸಾಬಾಯಿ ಎರಡು ರೊಟ್ಟಿ ನಿಧಾನವಾಗಿ ತಿಂದಳು. ಇದರ ರುಚಿ ಇನ್ನು ಸಿಗುವುದಿಲ್ಲವೆಂದು ಬಡಿಸುವವಳಿಗೆ ಹೇಳಿದಳು. ಆ ಹೆಂಗಸು ಏನೂ ತಿಳಿಯದೆ, ಮಾಣಿಕನಗರಕ್ಕೆ ಪ್ರಭುಗಳ ದರ್ಶನಕ್ಕೆ ಬಂದಾಗೊಮ್ಮೆ ಬನ್ನಿ ಎಂದು ಉಪಚರಿಸಿದಳು.

ಮೇಲಿನ ಅಧಿಕಾರಿ ಅಲ್ಲಿನ ಮುಸಾಫಿರ್ ಬಂಗಲೆಯ ವರಾಂಡದಲ್ಲಿ ಕಾದಿದ್ದರು. ಖಾಲಿ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಬೈಗುಳ ಎಲ್ಲ ಇನ್‌ಸ್ಪೆಕ್ಟರರ ಪಾಲಿಗೆ ಬಂತು, ಅವರು ಕನ್ನಡಕ ತೆಗೆಯದೆ ಕೇಳಿಸಿಕೊಂಡರು. ವಹಿಯನ್ನು ಬಟ್ಟೆಯಲ್ಲಿ ಸುತ್ತಿ ಅರಗು ಹಾಕಿದರು. ಎಲ್ಸಾಬಾಯಿಯ ಟ್ರಂಕಿನಲ್ಲಿದ್ದ ಕಾಗದಗಳನ್ನೂ ತೆಗೆದುಕೊಂಡರು. ಎರಡು ಸೀರೆ, ಒಂದು ಹಿತ್ತಾಳೆ ಚರಿಗೆ ಉಳಿದವು.

ಒಂದೂಕಾಲಿಗೆ ಹೈದರಾಬಾದ್ ಬಸ್ಸು ಬಂತು. ಇನ್‌ಸ್ಪೆಕ್ಟರರು ಅಲ್ಲಿಯವರೆಗೂ ಆಕೆಯ ಜೊತೆ ಹೋಗಬೇಕಾಗಿತ್ತು. ನನ್ನ ಕೆಲಸ ಮುಗಿದಿತ್ತು. ಅವರು ಟ್ರಂಕು ಮೇಲೇರಿಸುವುದನ್ನು ನೋಡುತ್ತಿದ್ದಾಗ ಎಲ್ಸಾಬಾಯಿ ಕಿಟಕಿಯಿಂದ ಬಗ್ಗಿದಳು. ಕೈಯಲ್ಲಿ ಬೆಳಗಿನ ಬಸ್ ಟಿಕೆಟ್ಟು ಹಿಡಿದಿದ್ದಳು. ಬರೆಯಲು ಆಕೆಯ ಹತ್ತಿರ ಉಳಿದಿದ್ದ ಕಾಗದ ಅದೊಂದೇ.

"ಮಾಸ್ತರ, ನೀವು ಯಾರ ಹೆಸರೂ ಕೊಡಲಿಲ್ಲ. ನಿಮ್ಮ ಹೆಸರಾದ್ರೂ ಹೇಳ್ರಿ, ಮರಿಬಾರದಂತ ಬರಕೋತೀನಿ."

ಹೆಸರಿನ ಜೊತೆಗೆ, ರೇವಪ್ಪನ ಅಪ್ಪನನ್ನು ಕರೆದೊಯ್ದ ಮಾಸ್ತರ ನಾನೇ ಎಂದೂ ಹೇಳಬೇಕಾಗಿತ್ತು. ಹೇಳಿದ್ದರೆ ಯಾರೂ ನನ್ನನ್ನು ಹಿಡಿಯುತ್ತಿರಲಿಲ್ಲ. ಬಸ್ಸಿನ ಕಿಟಕಿಯಲ್ಲಿ ಒಬ್ಬ ಹೆಂಗಸಿಗಷ್ಟೇ ಅದು ಗೊತ್ತಾಗುತ್ತಿತ್ತು, ಮರುದಿನ ಆಕೆ ಈ ದೇಶದಲ್ಲೇ ಇರುತ್ತಿರಲಿಲ್ಲ.

"ಎಲ್ಲಾರೂ ಮಾಸ್ತರ ಅಂತಾರ್ರಿ. ಅಷ್ಟ ಸಾಕು," ಅಂದೆ.

ನಾನು ಪೊಲೀಸರಿಗೆ ಹೆದರಿದ್ದೇನೆಂದು ತಿಳಿದು ಆಕೆ ತಲೆ ಆಡಿಸಿ ಟಿಕೆಟ್ಟು ಮಡಚಿಟ್ಟುಕೊಂಡಳು. ಬಸ್ಸು ಮನ್ನಾಏಖೇಳ್ಳಿಯ ದಿಕ್ಕಿಗೆ ಹೊರಳಿತು. ಕಿಟಕಿಯ ಹೊರಗೆ ಆಕೆಯ ಕೈ ಕಾಣುವಷ್ಟು ಹೊತ್ತೂ ನಾನು ನಿಂತು ನೋಡಲಿಲ್ಲ. ಹಿಂದೆ ಸರಿದು ಕಟ್ಟೆಯ ಮೇಲೆ ಕೂತುಬಿಟ್ಟೆ.

ಕಲ್ಯಾಣಕ್ಕೆ ಹಿಂದಿರುಗುವ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಇಪ್ಪತ್ತು ಮೈಲಿಯೂ ನಿಂತೇ ಬಂದು ಐದು ಗಂಟೆಗೆ ಇಳಿದೆ. ರೇವಪ್ಪನ ಅವ್ವ ಬೇವಿನ ಕೆಳಗೆ ಇನ್ನೂ ಕೂತಿದ್ದಳು. ಬುಟ್ಟಿ ಬರಿದಾಗಿ ಬಹಳ ಹೊತ್ತಾಗಿತ್ತು, ನನಗಾಗಿಯೇ ಕಾದಿದ್ದಳೆಂದು ಗೊತ್ತಾಯಿತು. ಬಾಯಿ ಬಸ್ ಹತ್ತಿದರೇ, ಊಟ ಮಾಡಿದರೇ ಎಂದು ಕೇಳಿದಳು. ಎರಡು ರೊಟ್ಟಿ ಉಂಡರು ಎಂದೆ. ಆಮೇಲೆ ಅತ್ತಿತ್ತ ನೋಡಿ, ವಹಿಯಲ್ಲಿ ಯಾರ ಹೆಸರೂ ಇಲ್ಲ, ಪೊಲೀಸರಿಗೆ ಏನೂ ಸಿಕ್ಕಿಲ್ಲ, ನೀನು ಹೆದರಬೇಡ ಎಂದು ಮೆಲ್ಲಗೆ ಹೇಳಿದೆ.

ಆಕೆ ಸೆರಗು ಸರಿಮಾಡಿಕೊಂಡು ನೆಲ ನೋಡುತ್ತಾ ಹೇಳಿದಳು:

"ನೀವೂ ಹೆದರಬ್ಯಾಡ್ರಿ ಮಾಸ್ತರ. ಕರಕೊಂಡು ಹೋದ ಮಾಸ್ತರ ಯಾರಂತ ಬಾಯಾರು ಎರಡು ಸಲ ಕೇಳಿದ್ರು. ನಾ ಹೇಳಿಲ್ಲರಿ. ಮಗಗ ಅಕ್ಷರಾ ಕಲಿಸಾಕತ್ತವರ ಹೆಸರ ಹ್ಯಾಂಗ ಬಾಯಾಗ ತರಬೇಕ್ರಿ?"

ಬುಟ್ಟಿ ಎತ್ತಿಕೊಂಡು ಮನೆಯ ದಾರಿ ಹಿಡಿದಳು. ನಾನು ಈ ಸಲ ಎಲ್ಲೂ ಕೂರದೆ, ಆಕೆ ಕೋಟೆಯ ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಾ ನಿಂತೆ.