ನಗುವ ಅಕ್ಷರಗಳಲ್ಲಿ ಕಾಣೆಯಾದ ಅಪ್ಪ

ತೊಂಬತ್ತರ ದಶಕದ ಆರಂಭದ ಮಾತು. ಅಪ್ಪ ನಮ್ಮೂರು ಶಿಕಾರಿಪುರದಲ್ಲಿ ಸೊರಬದ ಬಸ್ಸು ಹತ್ತಿದ್ದನ್ನು ಕಂಡವರಿದ್ದರು, ಇಳಿದದ್ದನ್ನು ಕಂಡವರಿರಲಿಲ್ಲ. ಮರೆವು ಅವನನ್ನು ಆಗಲೇ ಅರ್ಧ ತಿಂದುಹಾಕಿತ್ತು. ದೂರು ಬರೆದುಕೊಳ್ಳಬೇಕಾದ ಪೊಲೀಸ್ ಅಧಿಕಾರಿ ಪೆನ್ನಿನ ಮುಚ್ಚಳವನ್ನೂ ತೆಗೆಯಲಿಲ್ಲ.

"ಗಂಡಸು ಮನುಷ್ಯ, ಬರ್ತಾರೆ ಬಿಡಮ್ಮ. ಅಷ್ಟು ಅವಸರ ಇದ್ರೆ ಕರಪತ್ರ ಹೊಡಿಸಿ ಅಂಟಿಸ್ಕೊಳ್ರಿ."

ಅಮ್ಮ ಮತ್ತು ನಾನು ಪ್ರೆಸ್ಸಿಗೆ ಓಡಿದೆವು. ಅಚ್ಚಿನ ಮೊಳೆ ಜೋಡಿಸುವಾತ ಅಕ್ಷರಗಳ ಖಾಲಿ ಗೂಡುಗಳನ್ನು ತೋರಿಸಿದ.

"ದೊಡ್ಡ ಮೊಳೆ ಎಲ್ಲಾ ಚುನಾವಣೆ ಕೆಲಸಕ್ಕೆ ಕಟ್ಟಿಟ್ಟೀವ್ರಿ. ತಲೆಬರಹಕ್ಕೆ ಉಳಿದಿರೋದು ಇದೊಂದೇ. ದೂರದಿಂದ ಕಾಣ್ತದಲ್ಲ, ಸಾಕು ಬಿಡ್ರಿ."

ಅವು ಸರ್ಕಸ್ಸಿಗೆ, ನಗೆನಾಟಕಕ್ಕೆಂದು ತರಿಸಿದ ಮರದ ಮೊಳೆಗಳು. ಎಲ್ಲಿಯೂ ಮೂಲೆಯಿಲ್ಲ, ತೆಳುವೆಂಬುದಿಲ್ಲ; ಎಣ್ಣೆಯಲ್ಲಿ ಉಬ್ಬಿದ ಬೋಂಡಾಗಳಂಥ ಅಕ್ಷರಗಳು ತುಸು ವಾಲಿಕೊಂಡು ಒಂದನ್ನೊಂದು ಮೊಣಕೈಯಿಂದ ತಿವಿಯುತ್ತಿದ್ದವು. ಭಾವಚಿತ್ರ ಅಚ್ಚಾಗಲು ಬೇಕಾದ ಬ್ಲಾಕನ್ನು ಶಿವಮೊಗ್ಗದಲ್ಲಿ ಮಾಡಿಸಬೇಕಿತ್ತು. ಕಾಯುವ ತಾಳ್ಮೆ ನಮಗಿರಲಿಲ್ಲ; ಚಿತ್ರವಿಲ್ಲದೆಯೇ ಹೊಡಿಸಿದೆವು. ನಾನಾಗ ಕನ್ನಡ ಎಂ.ಎ. ವಿದ್ಯಾರ್ಥಿ. ಕರಡಿನಲ್ಲಿ ಎರಡು ತಪ್ಪು ತಿದ್ದಿ ಸಹಿ ಹಾಕಿದೆ. ಆ ಅಕ್ಷರಗಳು ನಗುತ್ತಿರುವುದು ನನಗೆ ಕಾಣಲಿಲ್ಲ.

ಸೊರಬದ ನಿಲ್ದಾಣದ ಕಂಬಗಳಿಗೆಲ್ಲ 'ಕಾಣೆಯಾಗಿದ್ದಾರೆ' ಎಂದು ಅಂಟಿಸಿ ಬಂದೆವು. ಮೂರನೆಯ ದಿನ ಮತ್ತೆ ಹೋದಾಗ ಚಹದಂಗಡಿಯವನು ನಮ್ಮ ಕೈಯಲ್ಲಿದ್ದ ಕಟ್ಟು ನೋಡಿ ಹಲ್ಲು ಕಿರಿದ.

"'ಕಾಣೆಯಾಗಿದ್ದಾರೆ' ನಾಟಕದವ್ರಾ? ಯಾವತ್ತು ಮಾರಾಯ್ರೇ ಆಟ? ದಿನಾ ನೋಡ್ತೀನಿ, ತಾರೀಖೇ ಹಾಕಿಲ್ಲ!"

"ನಾಟಕ ಅಲ್ಲಪ್ಪ," ಎಂದಳು ಅಮ್ಮ. "ನಮ್ಮ ಯಜಮಾನ್ರು. ಬಿಳಿ ಪಂಚೆ, ಎಡಗೈ ಮೇಲೆ ಸುಟ್ಟ ಕಲೆ."

ಅವನು ಕಂಬದ ಕಡೆ ತಿರುಗಿ ನೋಡಿದ.

"ಅಯ್ಯೋ... ನಿನ್ನೆ ಆ ಕಾಗದದ ಕೆಳಗೇ ಕೂತಿದ್ರಲ್ರೀ! ಚಾ ಕೊಟ್ಟೆ. ಮನೆ ಶಿರಸಿಲಿ ಅಂದ್ರು. ನಾನೇ ಬಸ್ಸು ಹತ್ತಿಸ್ದೆ."

ಚಹ ಕೊಟ್ಟವನನ್ನು ನಾನು ದೂಷಿಸಲಾರೆ. ದೂರು ದಾಖಲಾಗಿದ್ದರೆ ಸೊರಬದ ಠಾಣೆಗೆ ಸುದ್ದಿ ಮುಟ್ಟುತ್ತಿತ್ತು. ನಿಲ್ದಾಣದಲ್ಲಿ ಒಬ್ಬ ಪೇದೆಯಾದರೂ ಅಪ್ಪನ ಹೆಸರು ಕೇಳುತ್ತಿದ್ದ. ಸಂಬಳ ಪಡೆದು ಬರೆಯದೆ ಕುಳಿತ ಆ ಅಧಿಕಾರಿಯ ಕೈ ಇಂದಿಗೂ ಉತ್ತರ ಕೊಟ್ಟಿಲ್ಲ. ನಾನು ಲಿಖಿತವಾಗಿ ಕೇಳಿದ್ದೇನೆ, ಒಮ್ಮೆಯಲ್ಲ. ಆದರೆ ಆ ಕರಡಿನ ಕೆಳಗಿರುವ ಸಹಿ ಅವನದಲ್ಲ, ನನ್ನದು. ಅದನ್ನು ಮರೆಮಾಚಿ ಬೇರೆಯವರ ಲೆಕ್ಕ ಕೇಳುವ ಹಕ್ಕು ನನಗಿಲ್ಲ.

ಮುಂದಿನ ಶಿರಸಿ ಬಸ್ಸು ಹತ್ತಿದೆವು. ಅಮ್ಮ ಸೀಟಿನಲ್ಲಿ ಕೂರಲಿಲ್ಲ. ಕರಪತ್ರದ ಕಟ್ಟನ್ನು ಬೆಂಚಿನ ಮೇಲೇ ಬಿಟ್ಟು ಬಂದಿದ್ದಳು. ಯಾರೆದುರೂ ದನಿ ಎತ್ತಿ ಮಾತಾಡದಿದ್ದವಳು ಪ್ರತಿ ನಿಲುಗಡೆಯಲ್ಲೂ ಕಿಟಕಿಯಿಂದ ತಲೆ ಹೊರಹಾಕಿ ಪಂಚೆ, ಕಲೆ, ಎತ್ತರ, ಹೆಸರು ಎಲ್ಲವನ್ನೂ ಕೂಗಿದಳು. ಗಂಡನ ಹೆಸರು ಅವಳ ಬಾಯಲ್ಲಿ ಬಂದದ್ದನ್ನು ನಾನು ಕೇಳಿದ್ದು ಅಂದೇ ಮೊದಲು.

ಶಿರಸಿಯಲ್ಲಿ ಅಪ್ಪ ಇರಲಿಲ್ಲ.